ಪಗಾರಕ್ಕಿಂತ ಪ್ರೀಮಿಯಂ ದೊಡ್ಡದಾದಾಗ: ಬಿಪಿಎಲ್ ಕಾರ್ಡು, ಯಶಸ್ವಿನಿ, ಇಎಸ್‌ಐ – ಯಾವುದು ಯಾರಿಗೆ?

ಹೋದ ತಿಂಗಳು ಮೊಬೈಲಿಗೆ ಒಂದು ಮೆಸೇಜ್ ಬಂತು. ಹೆಲ್ತ್ ಪಾಲಿಸಿ ರಿನೀವಲ್, 27,400 ರೂಪಾಯಿ. ನಾನು, ಹೆಂಡತಿ, ಇಬ್ಬರು ಮಕ್ಕಳು. ನಾನು ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಪಗಾರ 26,000. ಅಂದರೆ ಒಂದು ತಿಂಗಳು ಪೂರ್ತಿ ದುಡಿದು ಅವರ ಕೈಗಿಟ್ಟರೂ ಇನ್ನೂ 1,400 ನನ್ನದೇ ಬಾಕಿ! 2025ರ ಸೆಪ್ಟೆಂಬರ್ 22ರಿಂದ ಇಂಥ ಪಾಲಿಸಿಗಳ ಮೇಲಿದ್ದ ಶೇ 18ರ ಜಿಎಸ್‌ಟಿ ತೆಗೆದಿದ್ದಾರೆ. ತೆಗೆದ ಮೇಲೂ ಇಷ್ಟು.

ಲೆಕ್ಕ ಬರೆಯುವವನಲ್ವಾ, ಸುಮ್ನೆ ಕೂರಲು ಆಗಲಿಲ್ಲ. ಮಿಲ್‌ನ ಹಮಾಲರು, ಡ್ರೈವರ್‌ಗಳು, ಎದುರಿನ ಹೋಟೆಲಿನವರು ಎಲ್ಲರೂ ಇಂಥ ಕಾಗದ ಹಿಡಿದು ನನ್ನ ಟೇಬಲಿಗೇ ಬರುತ್ತಾರೆ. ಹಾಗಾಗಿ ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆಯ ನಮ್ಮಂಥವರಿಗೆ ಕಂಪನಿ ಪಾಲಿಸಿ ಬಿಟ್ಟು ಬೇರೆ ಏನೇನು ದಾರಿ ಇದೆ ಅಂತ ಒಂದೊಂದಾಗಿ ನೋಡಿದೆ. ನೋಡುವಾಗ ಪ್ರೀಮಿಯಂ ಎಷ್ಟು, ಕವರ್ ಎಷ್ಟು ಅನ್ನೋದನ್ನ ಎರಡನೇ ಸಾಲಿಗೆ ಹಾಕಿದೆ. ಮೊದಲ ಸಾಲಿನಲ್ಲಿ ಇಟ್ಟ ಪ್ರಶ್ನೆ ಇದು: ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಒಬ್ಬರಿಗೆ ಹುಷಾರು ತಪ್ಪಿದರೆ ಯಾವ ಬಾಗಿಲಿಗೆ ಹೋಗಬೇಕು, ಅಲ್ಲಿ ಯಾವ ಕಾಗದ ಕೇಳುತ್ತಾರೆ? ಈ ಪ್ರಶ್ನೆ ಮೊದಲು ಯಾಕೆ ಅಂದರೆ, ಅದು ಗೊತ್ತಿಲ್ಲದೆ ನಾನು ಒಮ್ಮೆ 58,000 ಕಳೆದುಕೊಂಡಿದ್ದೇನೆ.

ರೇಷನ್ ಕಾರ್ಡೇ ವಿಮೆ

ಬಿಪಿಎಲ್ ಕಾರ್ಡು ಇದ್ದವರಿಗೆ ಹೊಸದಾಗಿ ಏನೂ ಕೊಳ್ಳುವ ಕೆಲಸವಿಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಪ್ರೀಮಿಯಂ ಇಲ್ಲ. ಮನೆಯಲ್ಲಿ ಎಷ್ಟು ಜನ ಇದ್ದರೂ ಆ 5 ಲಕ್ಷ ಎಲ್ಲರಿಗೂ ಸೇರಿ. ಶುಗರ್ ಇತ್ತು, ಬಿಪಿ ಇತ್ತು, ಹಳೆ ಕಾಯಿಲೆ ಅಂತ ತಳ್ಳಿಹಾಕುವ ಹಾಗಿಲ್ಲ. ಕಂಪನಿ ಪಾಲಿಸಿಯಲ್ಲಾದರೆ ಹಳೆ ಕಾಯಿಲೆಗೆ ಮೂರು ವರ್ಷದ ತನಕ ಕಾಯಿಸುತ್ತಾರೆ. ಇಲ್ಲಿ ಆ ಕಾಟ ಇಲ್ಲ.

ಈ ಥರದ ಯೋಜನೆ ನಮ್ಮ ಭಾಗಕ್ಕೆ ಹೊಸದೂ ಅಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಶುರು ಮಾಡಿದಾಗ ಮೊದಲು ತಂದಿದ್ದು ಬೆಂಗಳೂರಿಗಲ್ಲ, ಕಲಬುರಗಿ ವಿಭಾಗಕ್ಕೆ. ಹೃದಯ, ಕ್ಯಾನ್ಸರ್, ಕಿಡ್ನಿ, ಸುಟ್ಟಗಾಯದಂಥ ದೊಡ್ಡ ಚಿಕಿತ್ಸೆಗಳು ಅದರಲ್ಲಿದ್ದವು. 2018ರಲ್ಲಿ ಅಂಥವೆಲ್ಲ ಸೇರಿ ಆರೋಗ್ಯ ಕರ್ನಾಟಕ ಆಯಿತು, ಅದೇ ವರ್ಷ ಕೇಂದ್ರದ ಆಯುಷ್ಮಾನ್ ಭಾರತ್ ಜೊತೆ ಕೂಡಿತು.

ಈಗ ನನ್ನ 58,000ದ ಕಥೆ. ಅಪ್ಪ ಊರಲ್ಲಿರುತ್ತಾರೆ, ಅವರದ್ದು ಬೇರೆ ಕಾರ್ಡು, ಬಿಪಿಎಲ್. ಪ್ರಾಸ್ಟೇಟ್ ಆಪರೇಶನ್ ಆಗಬೇಕಿತ್ತು. ಪರಿಚಯದ ಡಾಕ್ಟರು ಅಂತ ನೇರ ಒಂದು ಖಾಸಗಿ ದವಾಖಾನೆಗೆ ಕರೆದುಕೊಂಡು ಹೋದೆ. ಹೊರಗೆ ಆಯುಷ್ಮಾನ್ ಬೋರ್ಡು ದೊಡ್ಡದಾಗೇ ಇತ್ತು. ಅಡ್ಮಿಟ್ ಮಾಡಿದೆ, ಕೈಗೆ ಸಲೈನ್ ಸೂಜಿ ಚುಚ್ಚಿದರು. ಆಮೇಲೆ ಕೌಂಟರ್‌ಗೆ ರೇಷನ್ ಕಾರ್ಡ್ ತೆಗೆದುಕೊಂಡು ಹೋದರೆ ಹುಡುಗ ಕೇಳಿದ, "ರೆಫರಲ್ ಎಲ್ಲೈತ್ರಿ?" ನನಗೆ ಆ ಶಬ್ದವೇ ಹೊಸದು. "ಸರ್ಕಾರಿ ದವಾಖಾನಿ ಚೀಟಿ ಬೇಕ್ರಿ ಅಣ್ಣಾರ. ಇದು ಎಮರ್ಜೆನ್ಸಿ ಅಲ್ಲ. ಚೀಟಿ ಇಲ್ಲಂದ್ರ ನಮ್ ಕಂಪ್ಯೂಟರ್ ತಗೊಳ್ಳಂಗಿಲ್ಲ." ಅಪ್ಪ ಒಳಗೆ ಹಾಸಿಗೆ ಮೇಲೆ. ಎಬ್ಬಿಸಿ ಕರೆದುಕೊಂಡು ಬರಲು ಮನಸ್ಸಾಗಲಿಲ್ಲ. ರೊಕ್ಕ ಕಟ್ಟಿದೆ.

ತಪ್ಪು ಆ ಹುಡುಗನದ್ದಲ್ಲ. ನಿಯಮ ಇರೋದೇ ಹಾಗೆ. ಸರಳ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ದೊಡ್ಡದು, ಅಲ್ಲಿ ಆಗದ್ದು ಅಂದರೆ ಸರ್ಕಾರಿ ಡಾಕ್ಟರು ರೆಫರಲ್ ಬರೆದುಕೊಡುತ್ತಾರೆ, ಆಮೇಲೆ ಯೋಜನೆಯಲ್ಲಿರುವ ಖಾಸಗಿ ಆಸ್ಪತ್ರೆ. ಪಟ್ಟಿಯಲ್ಲಿರುವ ತುರ್ತು ಚಿಕಿತ್ಸೆಗಳಿಗೆ ಮಾತ್ರ ಚೀಟಿ ಬೇಡ, ನೇರ ಹೋಗಬಹುದು. ನಮ್ಮ ಮೂರು ಜಿಲ್ಲೆಗೆ ದೊಡ್ಡ ಸರ್ಕಾರಿ ಬಾಗಿಲು ಅಂದರೆ ಬಳ್ಳಾರಿಯ ಬಿಎಂಸಿಆರ್‌ಸಿ (ಮೊದಲಿನ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್. ಅಲ್ಲಿ ಆರೋಗ್ಯಮಿತ್ರ ಅನ್ನುವ ಕೌಂಟರ್ ಹುಡುಕಿ. ರೇಷನ್ ಕಾರ್ಡು, ಆಧಾರ್ ಎರಡೂ ಒರಿಜಿನಲ್ ಕೈಯಲ್ಲಿರಲಿ. ಬೆಳಿಗ್ಗೆ ಬೇಗ ಹೋದಷ್ಟೂ ಒಳ್ಳೆಯದು, ಹತ್ತು ದಾಟಿದರೆ ಸಾಲು ಜಾತ್ರೆ. ಇಲ್ಲೂ ಆಗದ ಕೆಲವು ಕಾಯಿಲೆಗೆ ಹುಬ್ಬಳ್ಳಿ, ಕಲಬುರಗಿ, ಬೆಂಗಳೂರು ಅಂತ ತಿರುಗಬೇಕಾಗುತ್ತದೆ. ಬಸ್ಸು, ಊಟ, ಲಾಡ್ಜಿನ ಖರ್ಚಿಗೆ ನಾವೇ ಬೇರೆ ರೊಕ್ಕ ಇಟ್ಟುಕೊಂಡಿರಬೇಕು. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಿಂದ ಜನ ಧರಣಿ ಕೂತಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಮಾತು. ಈ ಕಾರ್ಡು ಇವತ್ತು ಇದೆ ಅಂತ ನಾಳೆಯೂ ಇರುತ್ತದೆ ಎಂದು ಕೂರಬೇಡಿ. ವರ್ಷದ ಆದಾಯ 1.2 ಲಕ್ಷ ದಾಟಿದವರು, ಆದಾಯ ತೆರಿಗೆ ಕಟ್ಟುವವರು ಬಿಪಿಎಲ್‌ಗೆ ಬರುವುದಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ನನ್ನ ಪರಿಚಯದ ಹುಡುಗನೊಬ್ಬ ಬೈಕ್ ಸಾಲ ಬೇಗ ಸಿಗಲಿ ಅಂತ ಆದಾಯ ಜಾಸ್ತಿ ತೋರಿಸಿ ಐಟಿ ರಿಟರ್ನ್ ಹಾಕಿಸಿದ. ಸಾಲ ಸಿಕ್ಕಿತು, ಕಾರ್ಡು ಹೋಯಿತು. ಅವನು ಅಕ್ಕಿ ಹೋಯಿತಲ್ಲ ಅಂತ ಬೇಜಾರು ಮಾಡಿಕೊಂಡಿದ್ದ. ಜೊತೆಗೆ 5 ಲಕ್ಷದ ಕವರೂ ಹೋಗಿದೆ ಅಂತ ನಾನು ಹೇಳಿದಾಗಲೇ ಅವನಿಗೆ ಗೊತ್ತಾಗಿದ್ದು.

ಎಪಿಎಲ್ ಕಾರ್ಡಿನವರಿಗೂ ಈ ಯೋಜನೆ ಇದೆ, ಆದರೆ ಅರೆಬರೆ. ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ ದರದ ಶೇ 30 ಅವರು ಕೊಡುತ್ತಾರೆ, ಉಳಿದ ಶೇ 70 ನಾವು. ವರ್ಷಕ್ಕೆ ಕುಟುಂಬಕ್ಕೆ 1.5 ಲಕ್ಷ ಮಿತಿ. ಪ್ಯಾಕೇಜ್ 1 ಲಕ್ಷ ಇದ್ದರೆ 70,000 ನಮ್ಮ ಜೇಬಿನಿಂದ. ಇಲ್ಲದ್ದಕ್ಕಿಂತ ವಾಸಿ, ಇದನ್ನೇ ನಂಬಿಕೊಂಡು ಕೂರುವಂಥದ್ದಲ್ಲ.

ಯಶಸ್ವಿನಿ: ನಮ್ಮಂಥ ನಡುವಿನವರಿಗೆ

ನನ್ನದು ಎಪಿಎಲ್. ಪಗಾರ ಇಎಸ್‌ಐ (ನೌಕರರ ರಾಜ್ಯ ವಿಮೆ) ಮಿತಿ ದಾಟಿದೆ. ಬಡವನೂ ಅಲ್ಲ, ಸಾಹುಕಾರನೂ ಅಲ್ಲ. ಇಂಥವರಿಗೆ ಈ ಪಟ್ಟಿಯಲ್ಲಿ ನನಗೆ ಅತಿ ಹೆಚ್ಚು ಇಷ್ಟವಾಗಿದ್ದು ಯಶಸ್ವಿನಿ, ಸಹಕಾರ ಸಂಘಗಳ ಸದಸ್ಯರಿಗೆ ಅಂತ ಇರುವ ರಾಜ್ಯ ಸರ್ಕಾರದ ಆರೋಗ್ಯ ಯೋಜನೆ.

2003ರಲ್ಲಿ ಶುರುವಾದಾಗ ಒಬ್ಬರಿಗೆ ವರ್ಷಕ್ಕೆ 60 ರೂಪಾಯಿ. ತಿಂಗಳಿಗೆ ಐದು ರೂಪಾಯಿ, ಆಗಿನ ಕಾಲಕ್ಕೆ ಒಂದೆರಡು ಚಹಾದ ರೊಕ್ಕ. 2018ರಲ್ಲಿ ಆರೋಗ್ಯ ಕರ್ನಾಟಕದ ಜೊತೆ ಸೇರಿಸಿ ಇದನ್ನು ನಿಲ್ಲಿಸಿದರು. ರೈತರು ಬಿಡಲಿಲ್ಲ. ಮತ್ತೆ ಬಂತು, 2023ರ ಜನವರಿ 1ರಿಂದ ಚಿಕಿತ್ಸೆ ಶುರುವಾಯಿತು. ಮರುಜಾರಿಯಾದಾಗ ಇಟ್ಟ ದರ: ಹಳ್ಳಿಯ ಸಹಕಾರ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500, ಅದರ ಮೇಲೆ ಒಬ್ಬೊಬ್ಬರಿಗೆ 100. ನಗರದ ಸಂಘಗಳವರಿಗೆ ನಾಲ್ಕು ಜನಕ್ಕೆ 1,000, ಮೇಲೆ ಒಬ್ಬೊಬ್ಬರಿಗೆ 200. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಕಟ್ಟುತ್ತದೆ. ಕವರ್ ಕುಟುಂಬಕ್ಕೆ 5 ಲಕ್ಷ. ಆರು ಜನರ ಹಳ್ಳಿ ಮನೆಗೆ ವರ್ಷಕ್ಕೆ 700 ರೂಪಾಯಿ. ನನ್ನ 27,400ರ ಪಕ್ಕ ಈ 700 ಬರೆದು ನೋಡಿದಾಗ ಕಣ್ಣು ಉಜ್ಜಿಕೊಂಡೆ.

ಹಾಗಾದರೆ ಎಲ್ಲರೂ ಇದನ್ನೇ ಮಾಡಿಸಬಹುದಲ್ಲ? ಆಗೋದಿಲ್ಲ, ಷರತ್ತುಗಳಿವೆ. ಸಹಕಾರ ಸಂಘದ ಸದಸ್ಯರಾಗಿರಬೇಕು. ಊರಿನ ಸೊಸೈಟಿ, ಹಾಲಿನ ಡೇರಿ, ಸಹಕಾರಿ ಪತ್ತಿನ ಸಂಘ, ಸ್ವಸಹಾಯ ಗುಂಪು, ಯಾವುದಾದರೂ ಸರಿ. ನೌಕರಿಯಲ್ಲಿದ್ದು ತಿಂಗಳಿಗೆ 30,000ಕ್ಕಿಂತ ಜಾಸ್ತಿ ಪಗಾರ ಇದ್ದರೆ ಬರುವುದಿಲ್ಲ. ನೋಂದಣಿ ವರ್ಷಪೂರ್ತಿ ತೆರೆದಿರುವುದಿಲ್ಲ, ಪ್ರಕಟಣೆ ಹೊರಟ ಮೇಲೆ ಕೆಲವೇ ತಿಂಗಳು. ಆ ಗಡುವು ತಪ್ಪಿದರೆ ಮತ್ತೆ ಮುಂದಿನ ವರ್ಷ. ಇವತ್ತು ನೋವು ಬಂತು, ನಾಳೆ ಸೊಸೈಟಿಗೆ ಹೋಗಿ 500 ಕಟ್ಟುತ್ತೇನೆ ಅಂದರೆ ನಡೆಯುವುದಿಲ್ಲ.

ಇನ್ನೊಂದು ತೊಂದರೆ ಆಸ್ಪತ್ರೆಗಳದ್ದು. ಹೋದ ವರ್ಷ ಪಟ್ಟಿಯಲ್ಲಿದ್ದ ಆಸ್ಪತ್ರೆ ಈ ವರ್ಷ ಇರಬೇಕೆಂದಿಲ್ಲ. ಪಟ್ಟಿಯಲ್ಲಿದ್ದರೂ ಎಲ್ಲ ವಿಭಾಗಕ್ಕೂ ಇರಬೇಕೆಂದಿಲ್ಲ. ಕಣ್ಣಿಗೆ ಇದೆ, ಎಲುಬಿಗೆ ಇಲ್ಲ ಅನ್ನುವ ಹಾಗೆ. ನಾನು ಮಾಡಿದ್ದು ಇಷ್ಟೇ: ನಾವು ನಿಜವಾಗಿ ಹೋಗುವ ಮೂರು ಆಸ್ಪತ್ರೆಗೆ ಫೋನ್ ಮಾಡಿ, "ಯಶಸ್ವಿನಿ ತಗೋತೀರಾ? ಯಾವ ಯಾವ ವಿಭಾಗಕ್ಕೆ?" ಅಂತ ಕೇಳಿದೆ. ಒಂದು ಕಡೆ ಹೌದು ಅಂದರು, ಒಂದು ಕಡೆ ಇಲ್ಲ, ಒಂದು ಕಡೆ "ಬಂದು ಕೇಳ್ರಿ" ಅಂದರು. ಮೂರನೆಯದನ್ನು ನಾನು ಇಲ್ಲ ಅಂತಲೇ ಬರೆದುಕೊಂಡೆ.

ಇಎಸ್‌ಐ: ಪಗಾರದ ಚೀಟಿಯಲ್ಲಿ ಅಡಗಿರೋದು

ಪಗಾರ 21,000ದ ಒಳಗೆ ಇದ್ದು, ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ಇರುವ ಫ್ಯಾಕ್ಟರಿ, ಶೋರೂಮ್, ಮಿಲ್‌ನಲ್ಲಿದ್ದರೆ ಮೊದಲು ಪಗಾರದ ಚೀಟಿ ನೋಡಿ. ಇಎಸ್‌ಐ ಅಂತ ಕಟ್ ಆಗಿರಬೇಕು. ನೌಕರನಿಂದ ಶೇ 0.75, ಮಾಲೀಕನಿಂದ ಶೇ 3.25. ಪಗಾರ 16,000 ಇದ್ದರೆ ನಿಮ್ಮದು 120, ಮಾಲೀಕರದ್ದು 520. ಅದರಲ್ಲಿ ಹೆಂಡತಿ, ಮಕ್ಕಳು, ನಿಮ್ಮ ಮೇಲೆ ಅವಲಂಬಿತರಾದ ಅಪ್ಪ ಅವ್ವ ಎಲ್ಲರೂ ಬರುತ್ತಾರೆ. ಇಷ್ಟು ಲಕ್ಷಕ್ಕೆ ನಿಂತಿತು ಅನ್ನುವ ಗೆರೆ ಇಲ್ಲ.

ಇದರಲ್ಲಿರುವ ಒಂದು ವಿಷಯ ಬೇರೆ ಯಾವುದರಲ್ಲೂ ಇಲ್ಲ. ಹುಷಾರಿಲ್ಲದೆ ಕೆಲಸಕ್ಕೆ ಹೋಗಲು ಆಗದಿದ್ದರೆ, ವಂತಿಗೆಯ ದಿನಗಳು ಸರಿಯಾಗಿದ್ದರೆ, ವರ್ಷಕ್ಕೆ 91 ದಿನದ ತನಕ ಪಗಾರದ ಶೇ 70 ಸಿಗುತ್ತದೆ. ಬೇರೆ ವಿಮೆಗಳು ದವಾಖಾನೆಯ ಬಿಲ್ ಕಟ್ಟುತ್ತವೆ. ಮನೆಯಲ್ಲಿ ಒಲೆ ಉರಿಯುವ ವಿಚಾರ ಇಎಸ್‌ಐ ಒಂದೇ ಮಾಡುತ್ತದೆ. ಹೊರರೋಗಿ ಚೀಟಿ, ಮಾತ್ರೆ ಕೂಡ ಇದರಲ್ಲೇ ಬರುತ್ತವೆ.

ಪಗಾರದಲ್ಲಿ ಕಟ್ ಆಗಿದೆ ಅಂದ ಮಾತ್ರಕ್ಕೆ ಖಾತೆಗೆ ಜಮಾ ಆಗಿದೆ ಅಂತಲ್ಲ. ನಿಮ್ಮ ಐಪಿ ನಂಬರ್ (ಇಎಸ್‌ಐನಲ್ಲಿ ನಿಮ್ಮ ಗುರುತಿನ ನಂಬರ್) ಕೇಳಿ ಪಡೆಯಿರಿ. ಅದನ್ನು ಹಾಕಿ ಆನ್‌ಲೈನ್‌ನಲ್ಲಿ ವಂತಿಗೆ ನೋಡಬಹುದು. ಮನೆಯವರ ಹೆಸರು ಸೇರಿದೆಯಾ ಅಂತಲೂ ನೋಡಿ. ಮದುವೆಗೆ ಮುಂಚೆ ಕೆಲಸಕ್ಕೆ ಸೇರಿದವರು ಹೆಂಡತಿಯ ಹೆಸರು ಹಾಕಿಸೋದನ್ನ ಮರೆತಿರುತ್ತಾರೆ. ನಮ್ಮ ಆಫೀಸಿನಲ್ಲೇ ಇಬ್ಬರು ಸಿಕ್ಕರು! ಪಗಾರ ಏರಿ 21,000 ದಾಟಿದರೆ ತಕ್ಷಣ ನಿಲ್ಲುವುದಿಲ್ಲ, ಏಪ್ರಿಲ್–ಸೆಪ್ಟೆಂಬರ್ ಅಥವಾ ಅಕ್ಟೋಬರ್–ಮಾರ್ಚ್ ಅವಧಿ ಮುಗಿಯುವ ತನಕ ವಂತಿಗೆ ನಡೆಯುತ್ತದೆ. ಆ ಸಮಯದಲ್ಲಿ ಬೇರೆ ಏರ್ಪಾಡು ಮಾಡಿಕೊಳ್ಳಿ.

ಗುತ್ತಿಗೆ ಮೇಲೆ ಬರುವವರು, ದಿನಗೂಲಿಯವರಿಗೆ ಎಷ್ಟೋ ಕಡೆ ಇದು ತಲುಪುವುದೇ ಇಲ್ಲ. ಹಾಜರಿ ಪುಸ್ತಕದಲ್ಲಿ ಹೆಸರೇ ಇರುವುದಿಲ್ಲ. ಅಂಥವರಿಗೆ ಬಿಪಿಎಲ್ ಕಾರ್ಡೇ ಗತಿ. ಗೌಂಡಿ, ಬಣ್ಣದವರು, ಸೆಂಟ್ರಿಂಗ್ ಕೆಲಸದವರು ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡು ಮಾಡಿಸಿಕೊಳ್ಳಬಹುದು. ಹಿಂದಿನ ವರ್ಷ 90 ದಿನ ಕೆಲಸ ಮಾಡಿದ ದಾಖಲೆ ಬೇಕು. ಅಲ್ಲಿ ಮೊದಲು ನಾವು ಕಟ್ಟಿ, ಆಮೇಲೆ ಬಿಲ್ ಇಟ್ಟು ಅರ್ಜಿ ಹಾಕುವ ಲೆಕ್ಕ. ಕೈಯಲ್ಲಿ ರೊಕ್ಕ ಇಲ್ಲದವನಿಗೆ ಆ ಹೊತ್ತಿಗೆ ಅದು ಆಗಿ ಬರುವುದಿಲ್ಲ.

436 ಕಟ್ ಆಗಿದೆ ಅಂದರೆ…

ಒಬ್ಬ ಲಾರಿ ಡ್ರೈವರ್ ಪಾಸ್‌ಬುಕ್ ತಂದು ತೋರಿಸಿದ. "ನೋಡ್ರಿ ಸರ, 436 ಕಟ್ ಆಗೈತಿ. ನಂದೂ ಹೆಲ್ತ್ ಇನ್ಶೂರೆನ್ಸ್ ಐತಿ." ಇಲ್ಲ ತಮ್ಮಾ, ಅದು ಜೀವ ವಿಮೆ. ವರ್ಷಕ್ಕೆ 436 ಕಟ್ಟಿದರೆ, ಸತ್ತ ಮೇಲೆ ಮನೆಯವರಿಗೆ 2 ಲಕ್ಷ. ಅದರ ಪಕ್ಕದ 20 ರೂಪಾಯಿ ಅಪಘಾತ ವಿಮೆ: ಸತ್ತರೆ ಅಥವಾ ಪೂರ್ತಿ ಅಂಗವಿಕಲರಾದರೆ 2 ಲಕ್ಷ, ಭಾಗಶಃ ಆದರೆ 1 ಲಕ್ಷ. ಎರಡೂ ಒಳ್ಳೆಯವೇ, ಇಟ್ಟುಕೊಳ್ಳಿ. ಆದರೆ ದವಾಖಾನೆಯ ಬಿಲ್ಲಿಗೆ ಇವುಗಳಿಂದ ಒಂದು ಪೈಸೆಯೂ ಬರುವುದಿಲ್ಲ. ಇದನ್ನು ಕೇಳಿ ಅವನ ಮುಖ ಬಾಡಿದ್ದು ನೋಡಿ ನನಗೇ ಕೆಟ್ಟ ಅನ್ನಿಸಿತು.

ಅವನಿಗೆ ಬೇಕಾದ ಇನ್ನೊಂದು ಮಾತು ಹೇಳಿದೆ. ರಸ್ತೆ ಅಪಘಾತ ಆದರೆ, ಯಾವ ಕಾರ್ಡೂ ಇಲ್ಲದಿದ್ದರೂ, 2025ರಲ್ಲಿ ಬಂದ ಕೇಂದ್ರದ ಯೋಜನೆಯಲ್ಲಿ ಏಳು ದಿನದ ತನಕ 1.5 ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ಇದೆ. ಎದೆನೋವಿಗೂ ಹಾಗೇ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಇರುವ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಹೃದಯಾಘಾತ ಅಂತ ಖಾತ್ರಿಯಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆ ಕೊಡುತ್ತಾರೆ. ಕಾರು ಹುಡುಕುತ್ತಾ ದೊಡ್ಡ ಊರಿನ ದಾರಿ ಹಿಡಿಯುವ ಮೊದಲು 108ಕ್ಕೆ ಫೋನ್ ಮಾಡಿ.

ಕಂಪನಿ ಪಾಲಿಸಿಯೇ ಬೇಕು, ಆದರೆ ಅಗ್ಗದ್ದು

ಕೆಲವರಿಗೆ ಖಾಸಗಿ ಆಸ್ಪತ್ರೆ, ಬೇರೆ ರೂಮು ಬೇಕೇ ಬೇಕು. ಅವರು ಕೇಳಬೇಕಾದ ಹೆಸರು ಆರೋಗ್ಯ ಸಂಜೀವಿನಿ. 2020ರ ಏಪ್ರಿಲ್‌ನಿಂದ ವಿಮಾ ನಿಯಂತ್ರಕರು ಎಲ್ಲ ಕಂಪನಿಗಳೂ ಒಂದೇ ಥರ ಮಾರಬೇಕು ಅಂತ ಮಾಡಿದ ಪಾಲಿಸಿ. ಒಳಗಿನ ಷರತ್ತು ಎಲ್ಲ ಕಡೆ ಒಂದೇ. ಹಾಗಾಗಿ ಏಜೆಂಟನ ಮಾತಿಗೆ ಕಿವಿ ಕೊಡದೆ ಬರೀ ಎರಡು ನೋಡಿದರೆ ಸಾಕು: ಯಾರ ಪ್ರೀಮಿಯಂ ಕಮ್ಮಿ, ಯಾರಿಗೆ ನಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಕ್ಯಾಶ್‌ಲೆಸ್ ಇದೆ. ಬಿಲ್ಲಿನ ಶೇ 5 ನಾವು ಕೊಡಬೇಕು. ರೂಮಿಗೆ ವಿಮಾ ಮೊತ್ತದ ಶೇ 2, ಅದೂ ದಿನಕ್ಕೆ 5,000 ಮೀರುವಂತಿಲ್ಲ. ಬೆಂಗಳೂರಿನವರಿಗೆ ಇದು ಕಮ್ಮಿ ಅನ್ನಿಸಬಹುದು. ಸಿಂಧನೂರು, ಹೊಸಪೇಟೆ ಕಡೆ ನನ್ನ ಅನುಭವದಲ್ಲಿ ಸಾಕು.

ಸೂಪರ್ ಟಾಪ್‌ಅಪ್ ಅಂತ ಇನ್ನೊಂದು. ವರ್ಷದಲ್ಲಿ ಮೊದಲ 3 ಲಕ್ಷ ನೀವು ನೋಡಿಕೊಳ್ಳಿ, ಅದರ ಮೇಲಿನದ್ದು ನಾವು, ಅನ್ನುವ ಲೆಕ್ಕ. ಪ್ರೀಮಿಯಂ ಬಹಳ ಕಮ್ಮಿ. ಬರೀ ಟಾಪ್‌ಅಪ್ ಅಂದರೆ ಪ್ರತಿ ಸಲದ ಬಿಲ್ಲಿಗೂ ಆ 3 ಲಕ್ಷದ ಗೆರೆ ಬೇರೆ ಬೇರೆ. ಸೂಪರ್ ಅಂದರೆ ವರ್ಷದ ಬಿಲ್ಲೆಲ್ಲಾ ಕೂಡಿಸಿ ಒಂದೇ ಗೆರೆ. ಎರಡನೆಯದನ್ನೇ ಕೇಳಿ ತಗೊಳ್ಳಿ. ಆದರೆ ಕೆಳಗಿನ ಆ 3 ಲಕ್ಷ ಎಲ್ಲಿಂದ ಬರುತ್ತದೆ ಅಂತ ಉತ್ತರ ಇರುವವರಿಗೆ ಮಾತ್ರ ಇದು.

ಆಸ್ಪತ್ರೆಗಳೇ ಕೊಡುವ ಡಿಸ್ಕೌಂಟ್ ಕಾರ್ಡು ಇವೆಯಲ್ಲ, ವರ್ಷಕ್ಕೆ ಇಷ್ಟು ಕಟ್ಟಿದರೆ ಚೆಕಪ್ ಪುಕ್ಕಟೆ, ಬಿಲ್ಲಿನಲ್ಲಿ ಇಷ್ಟು ರಿಯಾಯಿತಿ ಅಂತ. ಅವು ವಿಮೆ ಅಲ್ಲ. ನಾನಾದರೆ ತಗೊಳ್ಳೋದಿಲ್ಲ.

ಸಂಘ, ಚೀಟಿ, ಅಂಚೆ ಕಚೇರಿ

ಯಾವ ಕಾರ್ಡು ಇದ್ದರೂ ಮೊದಲ ಹತ್ತು ಹದಿನೈದು ಸಾವಿರ ಕೈಯಿಂದಲೇ ಹೋಗುತ್ತದೆ. ಸ್ಕ್ಯಾನಿಂಗ್, ಗಾಡಿ ಬಾಡಿಗೆ, ಜೊತೆಗೆ ಬಂದವರ ಊಟ. ನಮ್ಮಲ್ಲಿ ಇದಕ್ಕೆ ಹೆಣ್ಣುಮಕ್ಕಳ ಸಂಘವೇ ಆಧಾರ. ನನ್ನ ಹೆಂಡತಿಯ ಸಂಘದಲ್ಲಿ ದವಾಖಾನೆ ಅಂದರೆ ಆವತ್ತೇ ಸಾಲ ಕೊಡುತ್ತಾರೆ, ಬೇರೆ ಕಾರಣಕ್ಕಾದರೆ ಸಭೆ ತನಕ ಕಾಯಬೇಕು. ಖಾಸಗಿ ಚೀಟಿಯನ್ನು ಇದಕ್ಕೆ ನಂಬಬೇಡಿ, ತುರ್ತಿಗೆ ಕೂಗಿದರೆ ಅರ್ಧ ರೊಕ್ಕ ಬಿಟ್ಟುಕೊಡಬೇಕಾಗುತ್ತದೆ.

ಅಂಚೆ ಕಚೇರಿ ಆರ್‌ಡಿ ನಿಧಾನದ್ದು, ಗಟ್ಟಿ. ಬಡ್ಡಿ ಶೇ 6.7ರ ಲೆಕ್ಕದಲ್ಲಿ ತಿಂಗಳಿಗೆ 1,000 ಕಟ್ಟಿದರೆ ಐದು ವರ್ಷಕ್ಕೆ ಸುಮಾರು 71,000. ಒಂದು ವರ್ಷ ತಪ್ಪದೆ ಕಟ್ಟಿದ ಮೇಲೆ ಜಮಾ ಆದದ್ದರ ಅರ್ಧದ ತನಕ ಸಾಲವೂ ಸಿಗುತ್ತದೆ.

ಶುಗರ್, ಬಿಪಿ ಮಾತ್ರೆಯ ತಿಂಗಳ ಖರ್ಚಿಗೆ ಇಎಸ್‌ಐ ಬಿಟ್ಟರೆ ಮೇಲಿನ ಯಾವುದೂ ಸಹಾಯಕ್ಕೆ ಬರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರ, ಪಟ್ಟಣದಲ್ಲಿ ನಮ್ಮ ಕ್ಲಿನಿಕ್, ಇಲ್ಲವೇ ಜನೌಷಧಿ ಅಂಗಡಿ. ಅವ್ವನ ಮಾತ್ರೆ ಜನೌಷಧಿಗೆ ಬದಲಿಸಿದ ಮೇಲೆ ತಿಂಗಳಿಗೆ 900 ಆಗುತ್ತಿದ್ದದ್ದು 260ಕ್ಕೆ ಇಳಿಯಿತು. ಡಾಕ್ಟರಿಗೆ ತೋರಿಸಿ, ಒಳಗಿನ ಔಷಧಿ ಅದೇ ಅಂತ ಖಾತ್ರಿ ಮಾಡಿಕೊಂಡೇ ಬದಲಿಸಿದೆವು.

ನನ್ನ ಟೇಬಲಿನ ಮೇಲೆ ಕೊನೆಗೆ ಉಳಿದದ್ದು

ಹಮಾಲರಿಗೆ ಹೇಳಿದ್ದು: ಬಿಪಿಎಲ್ ಕಾರ್ಡು ಜೋಪಾನ, ಆಯುಷ್ಮಾನ್ ಕಾರ್ಡನ್ನು ಗ್ರಾಮ ಒನ್‌ನಲ್ಲಿ ಈಗಲೇ ಮಾಡಿಸಿ, ರೆಫರಲ್ ಮರೆಯಬೇಡಿ. ಹೋಟೆಲಿನ ಅಕ್ಕನಿಗೆ: ನಿಮ್ಮ ಸ್ವಸಹಾಯ ಗುಂಪಿನ ಮೇಲೆ ಯಶಸ್ವಿನಿ ಮಾಡಿಸಿ. ಮಿಲ್‌ನ ಆಫೀಸ್ ಹುಡುಗರಿಗೆ: ಇಎಸ್‌ಐ ಇದೆ, ಅದನ್ನು ಬಳಸಿ, ಸದ್ಯಕ್ಕೆ ಬೇರೆ ಏನೂ ಕೊಳ್ಳಬೇಡಿ. ಮೊದಲೇ ಕಂಪನಿ ಪಾಲಿಸಿ ಇದ್ದು ಮನೆಯಲ್ಲಿ ಕಾಯಿಲೆಯವರು ಇದ್ದರೆ ಮಾತ್ರ ಬಿಡಬೇಡಿ ಅಂದೆ. ಬಿಟ್ಟು ಮತ್ತೆ ತಗೊಂಡರೆ ಕಾಯುವ ವರ್ಷಗಳು ಮೊದಲಿನಿಂದ ಶುರು.

ನಾನು 27,400ರ ಪಾಲಿಸಿಯನ್ನು ಬಿಡಲಿಲ್ಲ, ಸಣ್ಣದು ಮಾಡಿದೆ. ಅದೇ ಕಂಪನಿಯಲ್ಲಿ ಆರೋಗ್ಯ ಸಂಜೀವಿನಿಗೆ ಬದಲಾಯಿಸಿಕೊಂಡೆ, ಕಳೆದ ವರ್ಷಗಳ ಲೆಕ್ಕ ಹಾಗೇ ಮುಂದುವರಿಯುವಂತೆ ಬರೆಸಿಕೊಂಡೆ. ಊರಲ್ಲಿ ನನ್ನ ಹೆಸರಿಗೆ ಒಂದೂವರೆ ಎಕರೆ ಇದೆ, ಸೊಸೈಟಿಯ ಸದಸ್ಯತ್ವವೂ ಇದೆ. ಅದರ ಮೇಲೆ ಯಶಸ್ವಿನಿಗೆ 500 ಕಟ್ಟಿದೆ. ಉಳಿದ ರೊಕ್ಕದಲ್ಲಿ ತಿಂಗಳಿಗೆ 1,000 ಆರ್‌ಡಿ.

ಮೊನ್ನೆ ಸೊಸೈಟಿ ಕಾರ್ಯದರ್ಶಿ ಯಶಸ್ವಿನಿ ಕಾರ್ಡು ಕೊಟ್ಟರು. ಮಗಳ ಹೆಸರು ಆಧಾರ್‌ನಲ್ಲಿ ಒಂದು ಥರ, ಇದರಲ್ಲಿ ಇನ್ನೊಂದು ಥರ. "ಒಂದ್ ಅಕ್ಷರ ಬಿಡ್ರಿ, ಏನ್ ಆಗ್ತೈತಿ" ಅಂದರು. ಕೌಂಟರಿನ ಆ ಹುಡುಗ, ಅವನ ಕಂಪ್ಯೂಟರ್ ನೆನಪಾಯಿತು. ಸೋಮವಾರ ಅರ್ಧ ದಿನ ರಜೆ ಹಾಕಿದ್ದೇನೆ, ತಿದ್ದಿಸಿಕೊಂಡೇ ಬರಬೇಕು.